ಇಸ್ತ್ರಿ ಮಾಡಿದ ನೋಟುಗಳು

ಕಳೆದ ವಾರ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಆಟೋದವನು ಚಿಲ್ಲರೆಯೆಂದು ಒಂದು ಹತ್ತರ ನೋಟನ್ನು ನನ್ನ ಅಂಗೈಯಲ್ಲಿಟ್ಟು ಹೊರಟುಹೋದ. ದೀಪದ ಬತ್ತಿಯ ಹಾಗೆ ಸಣ್ಣಗೆ ಹೊಸೆದಿತ್ತು ಅದು. ತುದಿ ಒದ್ದೆಯಾಗಿತ್ತು, ಒಣಮೀನಿನ ವಾಸನೆ ಹೊಡೆಯುತ್ತಿತ್ತು. ನಮ್ಮದು ಮೀನು ಮುಟ್ಟದ ಮನೆ. ಬೇರೆ ದಿನವಾಗಿದ್ದರೆ "ಏ ಭಾವು, ದುಸರಿ ನೋಟ್ ದೇ" ಎಂದು ಕೂಗಿಕೊಂಡು ಬೇರೆ ನೋಟಿಗಾಗಿ ಹಿಂದೆ ಓಡುತ್ತಿದ್ದೆ. ಅವತ್ತು ಓಡಲಿಲ್ಲ. ಜನ ಹೆಗಲು ತಾಗಿಸಿ, ಬೈದುಕೊಂಡು ದಾಟಿಹೋಗುತ್ತಿರುವಾಗ ನಾನು ನಡುದಾರಿಯಲ್ಲಿ ಆ ನೋಟನ್ನು ಮೂಗಿಗೆ ಹಿಡಿದು ನಿಂತೆ. ಮೀನಿನ ಅಕ್ಕ… ಎಂದುಕೊಂಡೆ. ಆಮೇಲೆ, ಗಲ್ಲಾದ ಅಣ್ಣ ಎಂದುಕೊಂಡೆ. ಹೊಟ್ಟೆಯೊಳಗೆ ಹಳೆಯ ಕಿಚ್ಚು ಮತ್ತೆ ಚುರ್ ಎಂದಿತು.

ಹೌದು, ಕಿಚ್ಚೇ. ಮುಚ್ಚುಮರೆ ಯಾಕೆ? ತೀರಿಕೊಂಡವರ ಮೇಲೂ ಹೊಟ್ಟೆಕಿಚ್ಚು ಪಡುವ ಮನುಷ್ಯ ಈ ಊರಲ್ಲಿ ನಾನೊಬ್ಬನೇ ಇರಬೇಕು.

ನನ್ನದು ಡೊಂಬಿವಲಿ ಪೂರ್ವದಲ್ಲಿ ಒಂದು ಫೋಟೋ ಸ್ಟುಡಿಯೋ. ಗದಗಿನ ಕಡೆಯಿಂದ ಬಂದು ಇಲ್ಲಿ ಬೋರ್ಡು ಹಾಕಿ ಇಪ್ಪತ್ತೈದು ವರ್ಷದ ಮೇಲಾಯಿತು. ಪಾಸ್‌ಪೋರ್ಟ್ ಸೈಜ್, ಮದುವೆ, ಮುಂಜಿ, ಈಗೀಗ ಕೂಸುಗಳನ್ನು ಬುಟ್ಟಿಯಲ್ಲಿ ಮಲಗಿಸಿ ತೆಗೆಯುವ ಫೋಟೋ. ನನ್ನಿಂದ ಎರಡು ಅಂಗಡಿ ಆಚೆಗೆ ಒಂದು ಉಡುಪಿ ಹೋಟೆಲು. ಅದರ ಗಲ್ಲಾದ ಮೇಲೆ, ಎಂದರೆ ದುಡ್ಡಿನ ಪೆಟ್ಟಿಗೆಯ ಹಿಂದಿನ ಎತ್ತರದ ಕುರ್ಚಿಯಲ್ಲಿ, ಕೂರುತ್ತಿದ್ದವರೇ ಈ ಅಣ್ಣ. ಮಾಲೀಕರಲ್ಲ, ಮಾಲೀಕರ ದೂರದ ಸಂಬಂಧ. ಉಡುಪಿ ಹತ್ತಿರದವರು, ಮನೆಮಾತು ತುಳು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಬಂದವರೆಲ್ಲ ಅಣ್ಣ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ.

ಅವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ತಲೆ ಬಗ್ಗಿಸಿಕೊಂಡೇ ನೋಟು ಈಸಿಕೊಂಡು "ಹೇಗುಂಟು ಮಗನ ಕಾಲು?" ಎಂದು ಸರಿಯಾದ ಮನುಷ್ಯನಿಗೆ ಸರಿಯಾದ ಪ್ರಶ್ನೆ ಕೇಳುತ್ತಿದ್ದರು. ಅದು ಹೇಗ್ರೀ ಅಣ್ಣಾ ಎಂದು ಒಮ್ಮೆ ಕೇಳಿದ್ದೆ.

"ಮುಖ ಎಂತಕ್ಕೆ ನೋಡುದು ಮಾರಾಯ್ರೆ? ನೋಟು ಕೈಗೆ ಬಂದ್ರೆ ಸಾಕು, ಯಾರು ಬಂದದ್ದು ಅಂತ ಗೊತ್ತಾಗ್ತದೆ" ಎಂದರು.

ಮಡಿಕೆ ನೋಡಿ ಹೇಳುತ್ತಿದ್ದರು ಅವರು. ಮೀನು ಮಾರುವ ಅಕ್ಕ ವ್ಯಾಪಾರ ಮುಗಿಸಿ ಮಧ್ಯಾಹ್ನದ ಚಹಾಕ್ಕೆ ಬರುತ್ತಿದ್ದಳು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಅವಳ ನೋಟು ಬತ್ತಿಯಂತೆ ಹೊಸೆದಿರುತ್ತಿತ್ತು. ಭಿವಂಡಿಯ ನೇಯ್ಗೆಯ ಲೂಮಿನಲ್ಲಿ ಕೆಲಸ ಮಾಡುವ ಚಾಚಾ ಟೊಪ್ಪಿಯ ಒಳಗಿಂದ ತೆಗೆಯುವ ನೋಟಿನ ಮಡಿಕೆಯೊಳಗೆ ಹತ್ತಿಯ ನವಿರು ಸೇರಿಕೊಂಡಿರುತ್ತಿತ್ತು. ಶಹಾಡಿನ ಕಾರ್ಖಾನೆಗೆ ಹೋಗುವವನ ನೋಟು ರೈಲ್ವೆ ಪಾಸಿನ ಪ್ಲಾಸ್ಟಿಕ್ಕಿಗೆ ಅಂಟಿ ಅಂಟಿ ಒಂದು ಮೂಲೆಯಲ್ಲಿ ಹೊಳೆಯುತ್ತಿತ್ತು. ಲೋಕಲ್ಲಿನಲ್ಲಿ ಕಡಲೆ ಮಾರುವವನದು ಬೆರಳ ಸಂದಿಗೆ ಸಿಕ್ಕಿಸಲೆಂದು ಉದ್ದುದ್ದ ಮಡಚಿದ ಪಟ್ಟಿ. ಈ ನೋಟುಗಳೆಲ್ಲ ನನ್ನ ಗಲ್ಲಾಕ್ಕೂ ಬರುತ್ತಿದ್ದವು. ನಾನು ಬಿಡಿಸಿ, ತಟ್ಟಿ, ಪೆಟ್ಟಿಗೆಗೆ ಹಾಕುತ್ತಿದ್ದೆ. ಕಣ್ಣಿದ್ದೂ ಕಂಡಿರಲಿಲ್ಲ.

ಅವರು ಫೋಟೋ ತೆಗೆಯಲು ಶುರು ಮಾಡಿದ್ದಕ್ಕೆ ನಾನೇ ಕಾರಣ, ಅದೇ ದೊಡ್ಡ ತಮಾಷೆ. ಯಾರೂ ಕೇಳದೆ ಧೂಳು ತಿನ್ನುತ್ತಿದ್ದ ಒಂದು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ಅವರ ತಲೆಗೆ ಕಟ್ಟಿದ್ದೆ. ಮೊಮ್ಮಗಳ ಫೋಟೋ ತೆಗೆಯಲಿಕ್ಕೆ ಬೇಕು ಎಂದಿದ್ದರು. ಒಂದೆರಡು ತಿಂಗಳು ಬಿಟ್ಟು ಕಾರ್ಡು ತಂದುಕೊಟ್ಟು "ನಾಲ್ಕು ಪ್ರಿಂಟ್ ಹಾಕಿ ಕೊಡಿ" ಎಂದರು. ಕೇಕಿನ ಮುಂದೆ ಕೂತ ಮಗು ಇರುತ್ತದೆಂದು ಕಾರ್ಡು ಕಂಪ್ಯೂಟರಿಗೆ ಹಾಕಿದೆ.

ಮಗು ಇರಲಿಲ್ಲ. ಹೋಟೆಲಿನ ಕಿಟಕಿ ಪಕ್ಕದ ಹಳೆಯ ಅಮೃತಶಿಲೆಯ ಮೇಜು. ಅದರ ಮೇಲೆ ಹೊಸೆದ ಹತ್ತರ ನೋಟು. ಪಕ್ಕದಲ್ಲಿ ಚಹಾ ಕುಡಿದಿಟ್ಟ ಬಸಿ. ನೋಟಿನ ತುದಿಯಿಂದ ಕಲ್ಲಿನ ಮೇಲೆ ಒಂದಿಷ್ಟು ನೀರು ಹರಡಿತ್ತು, ಆ ನೀರಿನಲ್ಲಿ ಕಿಟಕಿ ಕಾಣುತ್ತಿತ್ತು. ಸುರುಳಿಯೊಳಗಿಂದ ನೋಟಿನ ಮೇಲಿನ ಅಜ್ಜನ ಕನ್ನಡಕದ ಒಂದೇ ಒಂದು ಗಾಜು ಇಣುಕುತ್ತಿತ್ತು. ಅಷ್ಟೇ. ಅಷ್ಟರಲ್ಲಿ ಆ ಅಕ್ಕ ಅಲ್ಲೇ ಕೂತು, ಸೊಂಟ ನೀವಿಕೊಂಡು, ಈಗ ತಾನೇ ಎದ್ದುಹೋದಂತಿತ್ತು. ಅಬ್ಬಾ! ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು.

ಬಾಯಿ ಮಾತ್ರ ನಿಲ್ಲಲಿಲ್ಲ. "ಪರವಾಗಿಲ್ರೀ ಅಣ್ಣಾ. ಫೋಕಸ್ ಸ್ವಲ್ಪ ಸಾಫ್ಟ್ ಆಗೇದ" ಎಂದೆ. ಸುಳ್ಳು. ಫೋಕಸ್ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಇದಕ್ಕೆ ಸ್ಟಿಲ್ ಲೈಫ್ ಅನ್ನುತ್ತಾರೆಂದು ಗುರುವಿನ ಗತ್ತಿನಲ್ಲಿ ಒಂದು ಪಾಠವನ್ನೂ ಹೇಳಿ ಕಳಿಸಿದೆ. ಅವರು ಶ್ರದ್ಧೆಯಿಂದ ತಲೆಯಾಡಿಸಿದರು.

ಆಮೇಲೆ ಅವರು ಹೇಗೆ ತೆಗೆಯುತ್ತಾರೆಂದು ಕದ್ದು ನೋಡತೊಡಗಿದೆ. ಊಟದ ಗದ್ದಲ ಮುಗಿದು ಹೋಟೆಲು ಖಾಲಿಯಾಗುವ ಮೂರು, ಮೂರೂವರೆಯ ಹೊತ್ತು. ಎದುರಿನ ಬ್ಯಾಂಕಿನ ಗಾಜಿಗೆ ಬಡಿದ ಬಿಸಿಲು ಆ ಮೇಜಿಗೆ ಹತ್ತೇ ನಿಮಿಷ ಬೀಳುತ್ತಿತ್ತು. ಆ ಬೆಳಕನ್ನು ಒಂದು ಕಡೆಯಿಂದ ಸ್ಟೀಲಿನ ತಟ್ಟೆ, ಇನ್ನೊಂದು ಕಡೆಯಿಂದ ಲ್ಯಾಮಿನೇಷನ್ ಮಾಡಿದ ಮೆನು ಕಾರ್ಡು ಅಡ್ಡಹಿಡಿದು ನೋಟಿನ ಮೇಲೆ ತಿರುಗಿಸುತ್ತಿದ್ದರು. ಒಂದೇ ಕಟ್ಟಳೆ ಅವರದು: ನೋಟು ಬಂದ ಹಾಗೇ ಇರಬೇಕು. ಬಿಡಿಸುವಂತಿಲ್ಲ, ನೆಟ್ಟಗೆ ಮಾಡುವಂತಿಲ್ಲ. ಬೆಳಕು ಕೈಕೊಟ್ಟರೂ, ಫೋಟೋ ಚೆನ್ನಾಗಿ ಬಂದರೂ ಆ ನೋಟು ಒಂದು ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು, ಅದರ ಬದಲಿಗೆ ತಮ್ಮ ಜೇಬಿನ ನೋಟು ಗಲ್ಲಾಕ್ಕೆ. ನನ್ನ ಹತ್ತಿರ ಎರಡು ಸಾಫ್ಟ್‌ಬಾಕ್ಸು ದೀಪ, ಮೂರು ಟ್ರೈಪಾಡು, ಬೆಲೆ ಹೇಳಿದರೆ ಹೆಂಡತಿ ಮನೆ ಬಿಟ್ಟು ಹೋಗುವಂಥ ಒಂದು ಲೆನ್ಸು ಇದ್ದವು. ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆ ವರ್ಷ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಕಲ್ಯಾಣದ ಒಂದು ಸಭಾಂಗಣದಲ್ಲಿ ಛಾಯಾಚಿತ್ರ ಪ್ರದರ್ಶನ ಇಟ್ಟಿದ್ದರು. ನಾನು ಮುಂಬ್ರಾದ ಗುಡ್ಡ ಕೊಟ್ಟಿದ್ದೆ. ಐದು ಮಳೆಗಾಲ ಹತ್ತಿ ಇಳಿದು, ಜಾರಿ ಬಿದ್ದು, ಮೊಣಕಾಲು ಕೆತ್ತಿಸಿಕೊಂಡು ತೆಗೆದ ಗುಡ್ಡ. ಜನ ಬಂದರು, "ಚಲೋ ಬಂದದ, ಮುಂಬ್ರಾ ಅಲ್ಲೇನ್ರೀ?" ಎಂದರು, ಮುಂದೆ ಹೋದರು. ಮುಂದೆ ಹೋಗಿ ಎಲ್ಲಿ ನಿಂತರು ಎಂದರೆ, ಅಣ್ಣ ಕೊಟ್ಟಿದ್ದ ನೋಟಿನ ಫೋಟೋಗಳ ಮುಂದೆ. ಸಾಲುಗಟ್ಟಿ ನಿಂತರು. ಊಟಕ್ಕೆ ಕರೆದರೂ ಬಾರದೆ ನಿಂತರು. ಅಣ್ಣ ಮಾತ್ರ ಬಾಗಿಲ ಹತ್ತಿರ ಕೈಕಟ್ಟಿಕೊಂಡು, ಯಾರಾದರೂ ಬಿಲ್ಲು ಕೊಡಲು ಬರುತ್ತಾರೇನೋ ಎಂಬಂತೆ ಕಾಯುತ್ತಿದ್ದರು.

ನಾನು ಸಂಘದ ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು "ಅಲ್ರೀ, ನೋಟಿನ ಫೋಟೋ ಹಿಂಗ ಗ್ವಾಡಿಗೆ ಹಾಕೋದು ಕಾನೂನಿಗೆ ಬರ್ತದೇನು? ನಾಳೆ ಯಾರರೆ ಕಂಪ್ಲೇಂಟ್ ಕೊಟ್ಟರ?" ಎಂದು ಕಿವಿಯೂದಿದೆ. ಆತ ನಕ್ಕುಬಿಟ್ಟ. "ಅದರಾಗ ಅರ್ಧ ನೋಟೂ ಕಾಣಂಗಿಲ್ಲ ಮಾರಾಯಾ, ಬರೇ ಮಡಿಕೆ ಅದ" ಎಂದ. ಅದಾದರೂ ಹೋಗಲಿ. ನನ್ನ ಹೆಂಡತಿ, ನನ್ನ ಗುಡ್ಡವನ್ನು ಇವತ್ತಿಗೂ ಪೂರ್ತಿ ನೋಡದವಳು, ಆ ಬತ್ತಿಯ ನೋಟಿನ ಮುಂದೆ ನಿಂತು "ಆಕಿ ಸೆರಗಿನ ವಾಸನಿ ಬರ್ತದ ನೋಡ್ರಿ" ಎಂದಳು. ಲೋಕಲ್ಲಿನಲ್ಲಿ ಡೊಂಬಿವಲಿ ಬರುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತೆ. "ನಿಮಗ ಹೊಟ್ಟಿಕಿಚ್ಚು, ಮತ್ತೇನಿಲ್ಲ" ಎಂದು ಅವಳೇ ಕೊನೆಗೆ ತೀರ್ಪು ಕೊಟ್ಟಳು.

ಪ್ರದರ್ಶನಕ್ಕೆ ಬಂದಿದ್ದ ಒಬ್ಬ ಮರಾಠಿ ಹೆಂಗಸು ಠಾಣೆ ಪಟ್ಟಣದಲ್ಲಿ ಸಣ್ಣದೊಂದು ಗ್ಯಾಲರಿ ನಡೆಸುತ್ತಿದ್ದರು. ಅಣ್ಣನ ಒಂಬತ್ತು ನೋಟುಗಳನ್ನು ಬೇರೆ ಯಾರದೂ ಇಲ್ಲದೆ, ಗೋಡೆ ತುಂಬುವ ಅಳತೆಯಲ್ಲಿ ತೂಗುಹಾಕುತ್ತೇನೆ ಎಂದರಂತೆ. ನಲವತ್ತು ವರ್ಷ ಗಲ್ಲಾದ ಹಿಂದೆ ತಲೆ ಬಗ್ಗಿಸಿ ಕೂತ ಮನುಷ್ಯನಿಗೆ ಅವನದೇ ಒಂದು ಪ್ರದರ್ಶನ. ಆದರೆ ಆ ಪುಟ್ಟ ಕ್ಯಾಮೆರಾದ ಫೋಟೋ ಅಷ್ಟು ದೊಡ್ಡದಾಗುವುದಿಲ್ಲ, ಒಡೆದುಹೋಗುತ್ತದೆ. ಅಣ್ಣ ಬಿಸ್ಕತ್ತಿನ ಡಬ್ಬಿ ತಂದು ನನ್ನ ಟೇಬಲ್ಲಿನ ಮೇಲಿಟ್ಟರು.

"ನಿಮ್ಮ ದೊಡ್ಡ ಕ್ಯಾಮೆರಾದಲ್ಲಿ ನೀವೇ ತೆಗೀಬೇಕು. ಹೆಸರು ಇಬ್ಬರದ್ದೂ ಹಾಕುವ."

ಒಂಬತ್ತೂ ನೋಟುಗಳು ಅದರಲ್ಲಿದ್ದವು, ಒಂದೊಂದೂ ಬೇರೆ ಬೇರೆ ಬೆಂಕಿಪೆಟ್ಟಿಗೆಯೊಳಗೆ, ಬಂದ ಹಾಗೇ. ಮೀನಿನ ಅಕ್ಕ ಅಷ್ಟರಲ್ಲಿ ಊರು ಸೇರಿದ್ದಳು, ಮತ್ತೆ ಬರಲಿಲ್ಲ. ಚಾಚಾ ಕೆಲಸ ಮಾಡುತ್ತಿದ್ದ ಲೂಮು ಮುಚ್ಚಿ, ಅವನೂ ಎತ್ತಲೋ ಹೋಗಿದ್ದ. ಇದನ್ನೆಲ್ಲ ಅಣ್ಣ ಹೇಳಿಯೇ ಕೊಟ್ಟಿದ್ದರು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ ನಾನು.

ಹೆಸರು ಇಬ್ಬರದ್ದೂ ಹಾಕುವ… ಆ ಮಾತೇ ನನ್ನನ್ನು ಸುಟ್ಟಿತು. ಅವರು ಜಿಪುಣತನ ಮಾಡಿದ್ದರೆ, ಸೊಕ್ಕು ತೋರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಭಿಕ್ಷೆ ಹಾಕುತ್ತಿದ್ದಾನೆ ಮುದುಕ, ಅನ್ನಿಸಿತು.

ಸ್ಟುಡಿಯೋದಲ್ಲಿ ಹಿಂದಿನ ಪರದೆಗಳನ್ನು ತೀಡಲು ಒಂದು ಇಸ್ತ್ರಿ ಪೆಟ್ಟಿಗೆ ಇರುತ್ತದೆ. ಫೋಟೋದವರ ಬುದ್ಧಿಯೇ ಹಾಗೆ, ಸುಕ್ಕು ಕಂಡರೆ ಕೈ ತುರಿಸುತ್ತದೆ. ಕಾಲರಿನ ಸುಕ್ಕು, ಕೆನ್ನೆಯ ಸುಕ್ಕು, ಪರದೆಯ ಸುಕ್ಕು. ಠಾಣೆಯಂಥ ಕಡೆ ಹೊಲಸು ನೋಟು ತೂಗುಹಾಕುತ್ತಾರೇನು, ಸ್ವಲ್ಪ ಒಪ್ಪ ಮಾಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲು ಅಕ್ಕನ ಬತ್ತಿಯನ್ನು ಬಿಡಿಸಿದೆ. ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಮೀನಿನ ವಾಸನೆ ಒಮ್ಮೆ ಬುಸ್ಸೆಂದು ಎದ್ದು ಕೋಣೆ ತುಂಬಿತು. ಬಟ್ಟೆ ತೆಗೆದು ನೋಡಿದರೆ ಹತ್ತರ ನೋಟು. ಬರೀ ಹತ್ತರ ನೋಟು.

ಆಗಲೇ ತಿಳಿಯಿತು ನನಗೆ, ಇದು ಹಾಳಾಯಿತೆಂದು. ಇದೊಂದನ್ನು ನಾನು ಇವತ್ತು ನೆಟ್ಟಗೆ ಹೇಳಬೇಕು. ಮೊದಲನೆಯದನ್ನು ತಪ್ಪಿ ಮಾಡಿದೆ ಎಂದರೆ ನಂಬಬಹುದು. ಎರಡನೆಯ ಬೆಂಕಿಪೆಟ್ಟಿಗೆಯನ್ನು ತಿಳಿದೇ ತೆರೆದೆ. ಚಾಚಾನ ನೋಟಿನಿಂದ ಹತ್ತಿಯ ನವಿರು ಉದುರಿ ಟೇಬಲ್ಲಿನ ಮೇಲೆ ಬಿತ್ತು, ಉಫ್ ಎಂದು ಊದಿದೆ. ಒಂಬತ್ತನ್ನೂ ತೀಡಿದೆ. ಎರಡು ಸಾಫ್ಟ್‌ಬಾಕ್ಸು ಹಚ್ಚಿ, ಆ ಭಾರೀ ಲೆನ್ಸು ಹಾಕಿ, ಗರಿಗರಿಯಾಗಿ ತೆಗೆದೆ. ಅಂಥ ಶಾರ್ಪು ನಾನು ಜನ್ಮದಲ್ಲಿ ತೆಗೆದಿರಲಿಲ್ಲ.

ಮರುದಿನ ಮೂರು ಗಂಟೆಗೆ ಅಣ್ಣ ಬಂದರು. ಪ್ರಿಂಟುಗಳನ್ನು ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡಿದರು. ಪಕ್ಕದಲ್ಲಿ ಹಪ್ಪಳದ ಹಾಗೆ ಬಿದ್ದಿದ್ದ ನೋಟುಗಳನ್ನು ನೋಡಿದರು. ಅಕ್ಕನ ನೋಟನ್ನು ಮಾತ್ರ ಎತ್ತಿ ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟರು. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಫೋಟೋ ಒಳ್ಳೆ ಬಂದಿದೆ" ಎಂದರು. "ನೋಟು ಹೊಸತರ ಹಾಗೆ ಉಂಟು."

"ಬೇಕಾದ್ರ ಮತ್ತ ಮಡಚಿ ತಗೀಬಹುದಲ್ರೀ ಅಣ್ಣಾ" ಎಂದೆ. ನನ್ನ ದನಿ ನನಗೇ ಹೇಸಿಗೆಯಾಗಿ ಕೇಳಿತು.

"ನಾವು ಮಡಚಿದ್ರೆ ಅದು ನಮ್ಮ ಮಡಿಕೆ ಆಗ್ತದಲ್ಲ ಮಾರಾಯ್ರೆ" ಎಂದರು. ಕನ್ನಡಕ ತೆಗೆದು ಜೇಬಿಗಿಟ್ಟು, "ಇರ್ಲಿ. ದುಡ್ಡೇನೂ ಹಾಳಾಗ್ಲಿಲ್ಲ" ಎಂದರು.

ಒಂಬತ್ತೂ ನೋಟುಗಳನ್ನು ಎತ್ತಿಕೊಂಡು ಹೋದರು. ನಾನು ಹಿಂದೆಯೇ ಹೋಗಿ ಹೋಟೆಲಿನ ಬಾಗಿಲಲ್ಲಿ ನಿಂತೆ. ಗಲ್ಲಾ ತೆರೆದು ಹತ್ತು ಹತ್ತರ ಜೊತೆಗೆ, ಇಪ್ಪತ್ತು ಇಪ್ಪತ್ತರ ಜೊತೆಗೆ ಸೇರಿಸಿದರು. ಆಗಲೇ ಇಡ್ಲಿ ಕಟ್ಟಿಸಿಕೊಂಡ ಒಬ್ಬಾಕೆಗೆ ಚಿಲ್ಲರೆ ಕೊಟ್ಟರು. ಮೀನಿನ ಅಕ್ಕನ ನೋಟು ಆಕೆಯ ಪರ್ಸಿನಲ್ಲಿ ಕೂತು ಫಡ್ಕೆ ರೋಡಿನ ಕಡೆ ಹೋಯಿತು. ಠಾಣೆಯ ಗ್ಯಾಲರಿಯವರಿಗೆ ಅವರೇ ಫೋನು ಮಾಡಿ, ಆಗುವುದಿಲ್ಲ ಎಂದು ಹೇಳಿದರಂತೆ. ಕಾರಣ ಹೇಳಲಿಲ್ಲವಂತೆ. ನನ್ನ ಹೆಸರು ಎಲ್ಲೂ ಬರಲಿಲ್ಲ.

ಅದಾದ ಮೇಲೆ ಆ ಮೇಜಿನ ಮೇಲೆ ಮೆನು ಕಾರ್ಡು ಅಡ್ಡಹಿಡಿದದ್ದನ್ನು ನಾನು ಕಾಣಲಿಲ್ಲ. ನನ್ನ ಕಾಫಿ ಮಾತ್ರ ತಪ್ಪಲಿಲ್ಲ. ದಿನಾ ಸಂಜೆ ಹೋದರೆ ಅದೇ "ಬನ್ನಿ", ಅದೇ ಬಗ್ಗಿಸಿದ ತಲೆ. ತಪ್ಪಾಯಿತು ಅನ್ನಬೇಕೆಂದು ಹೋಗುತ್ತಿದ್ದೆ, ಕಾಫಿ ಕುಡಿದು, ನೋಟು ಕೊಟ್ಟು ಬರುತ್ತಿದ್ದೆ. ನಾಲ್ಕು ವರ್ಷ ಹೀಗೇ ಹೋಯಿತು. ನಾಲಿಗೆ ಎಷ್ಟು ಭಾರದ್ದು ಎಂದು ಆಗ ಗೊತ್ತಾಯಿತು… ಆಮೇಲೆ ಅವರು ಕೆಲಸ ಬಿಟ್ಟು ನೆರೂಳಿನಲ್ಲಿ ಮಗಳ ಮನೆ ಸೇರಿದರು. ಹೋಗುವ ದಿನ ನಾನು ಅಂಬರನಾಥದಲ್ಲಿ ಯಾರದೋ ಮುಂಜಿಯ ಫೋಟೋ ತೆಗೆಯುತ್ತಿದ್ದೆ. ಬೇಕೆಂದೇ ಒಪ್ಪಿಕೊಂಡ ಮುಂಜಿ ಅದು.

ಎರಡು ವರ್ಷದ ಹಿಂದೆ ಅಣ್ಣನ ಮಗಳು ನನ್ನ ಸ್ಟುಡಿಯೋಕ್ಕೆ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. "ಅಂಕಲ್, ಪಪ್ಪಾ ಗುಜರ್ ಗಯೇ" ಎಂದಳು. ಅಣ್ಣ ತೀರಿಕೊಂಡಿದ್ದರು, ಹನ್ನೆರಡನೆಯ ದಿನಕ್ಕೆ ಮಾಲೆ ಹಾಕಲು ದೊಡ್ಡ ಫೋಟೋ ಬೇಕಿತ್ತು. "ಉನ್ಕಾ ಏಕ್ ಭೀ ಅಚ್ಛಾ ಫೋಟೋ ನಹೀ ಹೈ. ಹಮೇಶಾ ವಹೀ ಖೀಂಚ್ತೇ ಥೇ ನಾ" ಎಂದು ಆಧಾರ್ ಕಾರ್ಡಿಗೆ ತೆಗೆಸಿದ ಬೆರಳುದ್ದದ ಫೋಟೋ ಮುಂದಿಟ್ಟಳು. ಯಾವಾಗಲೂ ತೆಗೆದವರು ಅವರೇ, ಅವರದೊಂದು ಒಳ್ಳೆಯ ಫೋಟೋ ಇಲ್ಲ! ಎರಡು ಅಂಗಡಿ ಆಚೆಗೆ ಇಷ್ಟು ವರ್ಷ ಕ್ಯಾಮೆರಾ ಹಿಡಿದು ಕೂತವನು ನಾನು. ಒಂದನ್ನೂ ತೆಗೆದಿರಲಿಲ್ಲ.

ಅದನ್ನೇ ದೊಡ್ಡದು ಮಾಡಲು ಕೂತೆ. ಕೈ ತನ್ನಷ್ಟಕ್ಕೆ ಹೋಗಿ ಹಣೆಯ ಗೆರೆ ಅಳಿಸತೊಡಗಿತು. ಎರಡು ಗೆರೆ ಮಾಯವಾದ ಮೇಲೆ ಎಚ್ಚರವಾಯಿತು. ಮತ್ತೆ ಇಸ್ತ್ರಿ ಪೆಟ್ಟಿಗೆ! ತಕ್ಷಣ ಗೆರೆಗಳನ್ನು ಹಿಂದಕ್ಕೆ ತಂದೆ. ಒಂದು ಸುಕ್ಕನ್ನೂ ಮುಟ್ಟದೆ ಪ್ರಿಂಟು ಹಾಕಿಕೊಟ್ಟೆ. ಮಗಳು ನೋಡಿ ಅತ್ತಳು, "ಏಕ್‌ದಮ್ ಪಪ್ಪಾ" ಎಂದಳು. ಹೋಗುವ ಮುಂಚೆ ಚೀಲದಿಂದ ಒಂದು ಬೆಂಕಿಪೆಟ್ಟಿಗೆ, ಒಂದು ಲಕೋಟೆ ತೆಗೆದು ಟೇಬಲ್ಲಿನ ಮೇಲಿಟ್ಟಳು. ನಿಮಗೆ ಕೊಡಬೇಕೆಂದು ಪಪ್ಪಾ ಹೇಳಿದ್ದರು, ಎಂದಳು.

ಲಕೋಟೆಯಲ್ಲಿ ಒಂದು ಫೋಟೋ. ಅದೇ ಅಮೃತಶಿಲೆಯ ಮೇಜು. ಅದರ ಮೇಲೆ, ಕಾಫಿಯ ಖಾಲಿ ಲೋಟದ ಪಕ್ಕದಲ್ಲಿ, ಉಗುರಿನಗಲಕ್ಕೆ ಮಡಚಿ ಮಡಚಿ ಇಟ್ಟ ನೋಟು. ಅಂಚುಗಳೆಲ್ಲ ಒಳಗೆ, ಎಷ್ಟರದೆಂಬ ಅಂಕಿ ಒಳಗೆ, ಯಾರಿಗೂ ಏನೂ ಕಾಣದ ಹಾಗೆ. ಮುಚ್ಚಿದ ಮುಷ್ಟಿಯ ಹಾಗಿತ್ತು. ಎಂಥ ಫೋಟೋ ಅದು! ಮೊದಲು ಹೊಳೆದದ್ದು ಏನು ಗೊತ್ತೇ? ಇದನ್ನು ನಾನು ತೆಗೆಯಬೇಕಿತ್ತು ಎಂದು. ಹಿಂದೆ ತಿರುಗಿಸಿದರೆ ಕಲ್ಯಾಣದ ಬೇರೆ ಯಾವುದೋ ಸ್ಟುಡಿಯೋದ ಮುದ್ರೆ. ನನ್ನಲ್ಲಿ ಪ್ರಿಂಟು ಹಾಕಿಸದೆ ಅಲ್ಲಿಗೆ ಯಾಕೆ ಹೋದರು ಎಂದು ಅದಕ್ಕೂ ಉರಿಯಿತು. ಆ ಮುದ್ರೆಯ ಕೆಳಗೆ ಅಣ್ಣನ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ನಮ್ಮ ಸ್ಟುಡಿಯೋದವರು. ಬಿಗಿ ಮಡಿಕೆ. ನಾವು ಬಿಡಿಸುವುದು ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಅಂಗಿಯ ಜೇಬಿಗೆ ಹೋಯಿತು. ಅಲ್ಲಿದ್ದ ನೋಟನ್ನು ತೆಗೆದೆ. ಉಗುರಿನಗಲ, ಅಂಕಿ ಒಳಗೆ. ಐವತ್ತು ವರ್ಷ ದಾಟಿದರೂ ನಾನು ನೋಟು ಮಡಚುವುದು ಹೀಗೆಂದು ನನಗೇ ಗೊತ್ತಿರಲಿಲ್ಲ. ಬೆಂಕಿಪೆಟ್ಟಿಗೆ ತೆರೆದೆ. ಫೋಟೋದಲ್ಲಿದ್ದ ಆ ನೋಟು, ನಾನೇ ಎಂದೋ ಕಾಫಿಗೆ ಕೊಟ್ಟದ್ದು, ಕೊಟ್ಟ ಹಾಗೇ ಇತ್ತು. ಆ ಸಂಜೆ ನಾನು ಶಟರ್ ಅರ್ಧ ಎಳೆದು ಒಳಗೆ ಕೂತು ಅತ್ತೆ.

ಕಳೆದ ವಾರ ಆಟೋದವನು ಕೊಟ್ಟ ಬತ್ತಿಯ ನೋಟನ್ನು ಮೊನ್ನೆ ಮೂರು ಗಂಟೆಗೆ ಕಿಟಕಿಯ ಹತ್ತಿರ ಇಟ್ಟು, ಹೆಂಡತಿಯ ಸ್ಟೀಲಿನ ತಟ್ಟೆ ಅಡ್ಡಹಿಡಿದು ನೋಡಿದೆ. ಇಪ್ಪತ್ತು ಸಲ ತೆಗೆದೆ. ಇಪ್ಪತ್ತರಲ್ಲೂ ಹತ್ತು ರೂಪಾಯಿ ಇತ್ತು, ಅಕ್ಕ ಇರಲಿಲ್ಲ. "ಆ ಮನಷ್ಯಾ ದಿನಾ ಆಕಿನ್ನ ಮಾತಾಡಸ್ತಿದ್ರು. ನೀವು ಯಾರನ್ನ ಮಾತಾಡಸ್ತೀರಿ?" ಎಂದಳು ಹೆಂಡತಿ, ತಟ್ಟೆ ಕಸಿದುಕೊಂಡು. ಬತ್ತಿಯನ್ನು ಇನ್ನೊಂದು ಬೆಂಕಿಪೆಟ್ಟಿಗೆಗೆ ಹಾಕಿ ನನ್ನ ನೋಟಿನ ಪಕ್ಕದಲ್ಲಿಟ್ಟೆ. ಎರಡನ್ನೂ ಬಿಡಿಸಿಲ್ಲ.

ಸಂಜೆಯ ಕಾಫಿಗೆ ಈಗಲೂ ಅದೇ ಹೋಟೆಲಿಗೆ ಹೋಗುತ್ತೇನೆ. ಅಮೃತಶಿಲೆಯ ಮೇಜು ಹೋಗಿ ಸನ್‌ಮೈಕಾ ಬಂದಿದೆ. ಗಲ್ಲಾದ ಹಿಂದೆ ಒಬ್ಬ ಹೊಸಬ ಮೊಬೈಲು ನೋಡುತ್ತಾ ಕೂತಿರುತ್ತಾನೆ, ಮುಂದೆ ಕ್ಯೂಆರ್ ಕೋಡಿನ ಹಲಗೆ, ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ. ನಾನು ಫೋನು ಹಿಡಿಯುತ್ತೇನೆ. ಡಬ್ಬಿ ಬಂದ ದುಡ್ಡು ಎಷ್ಟೆಂದು ಜೋರಾಗಿ ಕೂಗಿ ಹೇಳುತ್ತದೆ. ಯಾರು ಬಂದದ್ದು ಅಂತ ಅದಕ್ಕೆ ಗೊತ್ತಿಲ್ಲ.